ಲೆಕ್ಕ ಸರಿ, ಉತ್ತರ ಮಾತ್ರ ಸಲ್ಲದು: ಛೇದದಲ್ಲಿ ಚರಾಕ್ಷರವಿದ್ದಾಗ

ಪ್ರಶ್ನೆ: ಕ್ಷ/(ಕ್ಷ − 3) + 2 = 3/(ಕ್ಷ − 3) ಎಂಬ ಸಮೀಕರಣವನ್ನು ಎಷ್ಟು ಸಲ ಬಿಡಿಸಿದರೂ ಕ್ಷ = 3 ಎಂದೇ ಬರುತ್ತಿದೆ. ಪುಸ್ತಕದ ಕೊನೆಯಲ್ಲಿ ‘ಪರಿಹಾರವಿಲ್ಲ’ ಎಂದಿದೆ. ನಾನು ಎಲ್ಲಿ ಎಡವಿದ್ದೇನೆ?

ಉತ್ತರ: ನೀವು ಎಲ್ಲೂ ಎಡವಿಲ್ಲ. ಎಲ್ಲ ಪದಗಳನ್ನೂ (ಕ್ಷ − 3)ರಿಂದ ಗುಣಿಸಿದರೆ ಕ್ಷ + 2(ಕ್ಷ − 3) = 3, ಅಂದರೆ 3ಕ್ಷ = 9. ಛೇದವಿಲ್ಲದ ಆ 2ನ್ನು ಗುಣಿಸಲು ಮರೆಯುವವರೇ ಹೆಚ್ಚು. ಮರೆತಿದ್ದರೆ ನಿಮಗೆ 1 ಬರುತ್ತಿತ್ತು.

ಈಗ ಕೊಟ್ಟ ಸಮೀಕರಣದಲ್ಲೇ 3ನ್ನು ಆದೇಶಿಸಿ ನೋಡಿ. ಎರಡೂ ಛೇದಗಳು ಸೊನ್ನೆಯಾಗುತ್ತವೆ, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ. ಹಾಗಾದರೆ ಈ 3 ನುಸುಳಿದ್ದು ಎಲ್ಲಿಂದ? ಗುಣಿಸಿದ ಹೆಜ್ಜೆಯಿಂದಲೇ. 5 = 7 ಎಂಬುದು ಶುದ್ಧ ಸುಳ್ಳು. ಎರಡೂ ಬದಿಯನ್ನು ಸೊನ್ನೆಯಿಂದ ಗುಣಿಸಿ: 0 = 0, ಸುಳ್ಳು ನಿಜವಾಗಿಬಿಟ್ಟಿತು! ಕ್ಷ = 3 ಆದಾಗ (ಕ್ಷ − 3) ಸೊನ್ನೆಯೇ. ಆದ್ದರಿಂದ ಗುಣಿಸಿದ ಮೇಲಿನ ಸಮೀಕರಣ 3ನ್ನು ಒಪ್ಪುತ್ತದೆ, ಮೊದಲಿನದು ಒಪ್ಪುವುದಿಲ್ಲ.

ಇಂಥ ಲೆಕ್ಕಕ್ಕೆ ಕೈ ಹಾಕುವ ಮೊದಲೇ ‘ಕ್ಷ ≠ 3’ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ನೋಡಿದರಾಯಿತು ಎಂದುಕೊಂಡರೆ, ಉತ್ತರ ಸಿಕ್ಕ ಖುಷಿಯಲ್ಲಿ ಯಾರೂ ನೋಡುವುದಿಲ್ಲ.

ಎಲ್ಲ ಸಲವೂ ಪರಿಹಾರವೇ ಇಲ್ಲದಾಗುವುದಿಲ್ಲ. ಇದನ್ನು ನೋಡಿ:

ಕ್ಷ/(ಕ್ಷ − 2) − 8/(ಕ್ಷ² − 4) = 1/(ಕ್ಷ + 2)

ಕ್ಷ² − 4 ಎಂದರೆ (ಕ್ಷ − 2)(ಕ್ಷ + 2). ಮೂರೂ ಛೇದಗಳ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಅದೇ, ನಿಷಿದ್ಧ ಬೆಲೆಗಳು 2 ಮತ್ತು −2. ಗುಣಿಸಿದರೆ ಕ್ಷ(ಕ್ಷ + 2) − 8 = ಕ್ಷ − 2. ಒಂದೇ ಬದಿಗೆ ತಂದರೆ ಕ್ಷ² + ಕ್ಷ − 6 = 0, ಅಂದರೆ (ಕ್ಷ + 3)(ಕ್ಷ − 2) = 0. 2 ಸಲ್ಲದು, ಉಳಿದದ್ದು −3. ತಾಳೆ ನೋಡೋಣ: ಎಡಭಾಗ 3/5 − 8/5 = −1, ಬಲಭಾಗ 1/(−1) = −1. ಸರಿಹೋಯಿತು.

ಲ.ಸಾ.ಅ. ಹುಡುಕುವ ಗೋಜೇಕೆ, ಮೂರೂ ಛೇದಗಳ ಗುಣಲಬ್ಧದಿಂದಲೇ ಗುಣಿಸಿದರಾಯಿತಲ್ಲ ಎನ್ನಬಹುದು. ಗುಣಿಸಬಹುದು, ಆದರೆ ಸಮೀಕರಣ ನಾಲ್ಕನೆಯ ಘಾತಕ್ಕೆ ಏರುತ್ತದೆ, ಜೊತೆಗೆ −2 ಕೂಡ ಉತ್ತರದ ವೇಷ ತೊಟ್ಟು ಬಂದು ನಿಲ್ಲುತ್ತದೆ. ಇನ್ನು ಓರೆ ಗುಣಾಕಾರ, ಅಂದರೆ ಒಂದು ಬದಿಯ ಅಂಶವನ್ನು ಇನ್ನೊಂದು ಬದಿಯ ಛೇದದಿಂದ ಗುಣಿಸುವುದು: ಎರಡೂ ಬದಿಯಲ್ಲಿ ಒಂದೊಂದೇ ಭಿನ್ನರಾಶಿ ಇದ್ದಾಗ ಮಾತ್ರ ಅದು ನಡೆಯುತ್ತದೆ. ನಿಮ್ಮ ಲೆಕ್ಕದಂತೆ ಪಕ್ಕದಲ್ಲೊಂದು ‘+ 2’ ಇದ್ದರೆ ನೇರವಾಗಿ ನಡೆಯದು.

ತಾಳೆ ನೋಡುವಾಗ ಯಾವ ಛೇದವೂ ಸೊನ್ನೆಯಾಗದೆ, ಎಡಭಾಗ ಬಲಭಾಗ ಮಾತ್ರ ಬೇರೆಬೇರೆ ಬಂದರೆ ಅದು ಸಲ್ಲದ ಮೂಲವಲ್ಲ (ಗುಣಿಸಿದ್ದರಿಂದ ನುಸುಳಿದ ಉತ್ತರವಲ್ಲ), ಕೈತಪ್ಪು. ಆಗ ಉತ್ತರವನ್ನು ಹೊಡೆದುಹಾಕಿ ‘ಪರಿಹಾರವಿಲ್ಲ’ ಎಂದು ಬರೆಯಬೇಡಿ. ಹಿಂದೆ ಹೋಗಿ ಚಿಹ್ನೆಗಳನ್ನು ನೋಡಿ. ಆವರಣದ ಮುಂದೆ ಋಣ ಚಿಹ್ನೆ ಇರುವ ಸಾಲಿನಿಂದಲೇ ಹುಡುಕಲು ಶುರುಮಾಡಿ.