ಪ್ರಶ್ನೋತ್ತರ: ಸ್ಕೈಡೈವರ್ ಬೆನ್ನಿನ ಮೇಲಿನ ಸಾಧನಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ

ಸ್ಕೈಡೈವಿಂಗ್ ಕುರಿತು ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಸುರಕ್ಷತೆಯನ್ನೇ ಕುರಿತಾಗಿದ್ದವು. ಆದ್ದರಿಂದ ಈ ಸಂಚಿಕೆಯ ಅಂಕಣದಲ್ಲಿ ಅವುಗಳಿಗೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ದಸರಾ ವೇಳೆ ಬನ್ನಿಮಂಟಪದ ಮೈದಾನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡದವರು ಇಳಿದುದನ್ನು ಮಕ್ಕಳೊಂದಿಗೆ ನೋಡಿದ್ದೆ. ಪ್ಯಾರಾಚೂಟ್ ಸರಿಯಾಗಿ ತೆರೆಯದಿದ್ದರೆ ಅವರು ಏನು ಮಾಡುತ್ತಾರೆ? (ಓದುಗರು, ಮೈಸೂರು)

1987ರಲ್ಲಿ ರಚನೆಯಾದ ಆಕಾಶಗಂಗಾ ತಂಡದವರಾಗಲಿ, ಹವ್ಯಾಸಕ್ಕಾಗಿ ಜಿಗಿಯುವ ನಾಗರಿಕರಾಗಲಿ, ಬೆನ್ನಿಗೆ ಕಟ್ಟಿಕೊಳ್ಳುವ ಚೀಲದಲ್ಲಿ ಎರಡು ಪ್ಯಾರಾಚೂಟ್‌ಗಳಿರುತ್ತವೆ. ಕೆಳಭಾಗದಲ್ಲಿರುವುದು ಮುಖ್ಯ ಪ್ಯಾರಾಚೂಟ್. ಕುತ್ತಿಗೆಯ ಕೆಳಗಿನ ಭಾಗದಲ್ಲಿರುವುದು ರಿಸರ್ವ್, ಅಂದರೆ ತುರ್ತಿಗೆಂದು ಇಟ್ಟುಕೊಂಡ ಎರಡನೆಯ ಪ್ಯಾರಾಚೂಟ್. ಮುಖ್ಯ ಪ್ಯಾರಾಚೂಟನ್ನು ಜಿಗಿಯುವವರು ತಾವೇ ಮಡಚಿಕೊಳ್ಳಬಹುದು. ರಿಸರ್ವ್ ಮಡಚುವ ಅಧಿಕಾರವಿರುವುದು ಪರವಾನಗಿ ಪಡೆದ ಪ್ಯಾರಾಚೂಟ್ ತಜ್ಞರಾದ ರಿಗ್ಗರ್‌ಗೆ ಮಾತ್ರ. ಅಮೆರಿಕದ ನಿಯಮದಂತೆ ಬಳಸಿರಲಿ, ಬಳಸದಿರಲಿ, 180 ದಿನಗಳಿಗೊಮ್ಮೆ ಅದನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿ, ಕೆಂಪು ದಾರ ಕಟ್ಟಿ ಸೀಸದ ಮುದ್ರೆ ಒತ್ತಬೇಕು.

ಮುಖ್ಯ ಪ್ಯಾರಾಚೂಟ್ ಒಂದಿಷ್ಟೂ ತೆರೆಯದಿರುವುದಕ್ಕಿಂತ ಅರ್ಧಂಬರ್ಧ ತೆರೆದು, ಹಗ್ಗ ಬಟ್ಟೆಯ ಮೇಲೆ ಹಾದುಹೋಗಿ ಗಿರಗಿರನೆ ಸುತ್ತತೊಡಗುವ ಸಂದರ್ಭಗಳೇ ಹೆಚ್ಚು. ಆಗ ರಿಸರ್ವನ್ನು ನೇರವಾಗಿ ಬಿಟ್ಟರೆ ಅದು ಕೆಟ್ಟ ಪ್ಯಾರಾಚೂಟಿಗೆ ಸುತ್ತಿಕೊಳ್ಳುವ ಅಪಾಯವಿದೆ. ಆದ್ದರಿಂದ ಮೊದಲು ಕೆಟ್ಟದ್ದನ್ನು ಕಳಚಿ ಬಿಡಬೇಕು. ಇದನ್ನು ಕಟ್‌ಅವೇ ಎನ್ನುತ್ತಾರೆ. ಎದೆಯ ಬಲಭಾಗದ ಹಿಡಿಯನ್ನು ಎಳೆದರೆ ಮುಖ್ಯ ಪ್ಯಾರಾಚೂಟ್ ಬಿಟ್ಟುಹೋಗುತ್ತದೆ, ಎಡಭಾಗದ ಹಿಡಿಯನ್ನು ಎಳೆದರೆ ರಿಸರ್ವ್ ತೆರೆಯುತ್ತದೆ.

ಈ ಕಳಚುವಿಕೆಯನ್ನು ಸುಲಭಗೊಳಿಸಿದ್ದು 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ರೂಪಿಸಿದ ಮೂರು ಬಳೆಗಳ ವ್ಯವಸ್ಥೆ. ಅದನ್ನು ಹತ್ತಿರದಿಂದ ನೋಡುವುದು ಒಂದು ಸಂತೋಷ. ಹೆಗಲ ಪಟ್ಟಿಯ ದೊಡ್ಡ ಬಳೆಯೊಳಗೆ ಮಧ್ಯಮ ಬಳೆ, ಅದರೊಳಗೆ ಸಣ್ಣ ಬಳೆ ತೂರಿ ಮಡಚಿಕೊಂಡಿರುತ್ತವೆ; ಸಣ್ಣ ಬಳೆಯನ್ನು ಒಂದು ದಾರದ ಕುಣಿಕೆ ಹಿಡಿದಿರುತ್ತದೆ; ಆ ಕುಣಿಕೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ತೆಳುವಾದ ಹಳದಿ ಕೇಬಲ್ ತೂರಿರುತ್ತದೆ. ಪ್ರತಿಯೊಂದು ಬಳೆಯೂ ಸನ್ನೆಯ ತತ್ವದಂತೆ ಭಾರವನ್ನು ಹಲವು ಪಟ್ಟು ಇಳಿಸುತ್ತ ಹೋಗುವುದರಿಂದ, ಪ್ಯಾರಾಚೂಟ್ ತೆರೆದಾಗ ಬೀಳುವ ನೂರಾರು ಕಿಲೋ ಎಳೆತದಲ್ಲಿ ಕೇಬಲ್‌ವರೆಗೆ ತಲುಪುವುದು ಅತ್ಯಲ್ಪ. ಅದನ್ನು ಒಂದು ಕೈಯಿಂದ ಎಳೆಯಬಹುದು. ಅದಕ್ಕೂ ಹಿಂದೆ ಎರಡೂ ಹೆಗಲಿನ ಲೋಹದ ಕೊಂಡಿಗಳನ್ನು ಪ್ರತ್ಯೇಕವಾಗಿ ಬಿಡಿಸಬೇಕಿತ್ತು. ತಿರುಗುತ್ತ ಬೀಳುವಾಗ ಅದು ಎಷ್ಟು ಕಷ್ಟವಿದ್ದಿರಬೇಕೆಂದು ಊಹಿಸಬಹುದು.

ಕಳಚಿದವರು ರಿಸರ್ವ್ ಹಿಡಿಯನ್ನು ಎಳೆಯಲು ತಡಮಾಡಿದರೆ ಎಂಬುದಕ್ಕಾಗಿ ಆರ್‌ಎಸ್‌ಎಲ್ ಎಂಬ ಪಟ್ಟಿಯಿದೆ. ಬಿಟ್ಟುಹೋಗುತ್ತಿರುವ ಮುಖ್ಯ ಪ್ಯಾರಾಚೂಟೇ ಆ ಪಟ್ಟಿಯ ಮೂಲಕ ರಿಸರ್ವ್‌ನ ಪಿನ್ನನ್ನು ಎಳೆದುಬಿಡುತ್ತದೆ. ಬೂತ್ ಅವರೇ ಮುಂದೆ ತಂದ ಸ್ಕೈಹುಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿಸರ್ವನ್ನು ಚೀಲದಿಂದ ಹೊರಗೆಳೆಯುವ ಕೆಲಸವನ್ನೂ ಆ ಕೆಟ್ಟ ಪ್ಯಾರಾಚೂಟಿನಿಂದಲೇ ಮಾಡಿಸುತ್ತದೆ.

ಪ್ರಶ್ನೆ: ನಾನು ತರಬೇತಿಗೆ ಸೇರಬೇಕೆಂದಿದ್ದೇನೆ. ಪ್ರಜ್ಞೆ ತಪ್ಪಿದರೂ ರಿಸರ್ವ್ ತಾನಾಗಿ ತೆರೆಯುವ ಯಂತ್ರವಿದೆ ಎಂದು ಕೇಳಿದ್ದೇನೆ. ಹಾಗಿದ್ದ ಮೇಲೆ ಎತ್ತರ ನೋಡುವುದು, ಹಿಡಿ ಎಳೆಯುವುದು ಎಂದು ದಿನವಿಡೀ ಅಭ್ಯಾಸ ಮಾಡಿಸುವುದು ಏಕೆ? (ಓದುಗರು, ಹುಬ್ಬಳ್ಳಿ)

ಆ ಯಂತ್ರಕ್ಕೆ ಎಎಡಿ ಎನ್ನುತ್ತಾರೆ. ಈಗ ಎಲ್ಲೆಡೆ ಪರಿಚಿತವಾಗಿರುವ ಸೈಪ್ರೆಸ್ ಎಂಬ ಎಎಡಿಯನ್ನು ಜರ್ಮನಿಯ ಏರ್‌ಟೆಕ್ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕಿಂತ ಹಿಂದಿನ ಯಾಂತ್ರಿಕ ಸಾಧನಗಳು ಬೇಡದ ಹೊತ್ತಿನಲ್ಲಿ ರಿಸರ್ವ್ ತೆರೆದುಬಿಡುವ ಸಂಭವವಿದ್ದುದರಿಂದ ಅನುಭವಿಗಳು ಅವನ್ನು ನಂಬುತ್ತಿರಲಿಲ್ಲ. ಸೈಪ್ರೆಸ್ ಬಂದ ಮೇಲೆ ಆ ಅಪನಂಬಿಕೆ ಕ್ರಮೇಣ ಕರಗಿತು. ಅದರೊಳಗಿನ ಪುಟ್ಟ ಕಂಪ್ಯೂಟರ್ ವಾಯುಭಾರವನ್ನು ಅಳೆದು, ಎತ್ತರವನ್ನೂ ಬೀಳುವ ವೇಗವನ್ನೂ ಸತತವಾಗಿ ಲೆಕ್ಕಹಾಕುತ್ತಿರುತ್ತದೆ. ರಿಸರ್ವನ್ನು ಮುಚ್ಚಿ ಹಿಡಿದಿರುವ ದಾರದ ಕುಣಿಕೆ ಒಂದು ಸಣ್ಣ ಲೋಹದ ಕೊಳವೆಯ ಮೂಲಕ ಹಾದುಹೋಗಿರುತ್ತದೆ. ಲೆಕ್ಕ ಕೂಡಿಬಂದಾಗ ಕೊಳವೆಯೊಳಗಿನ ಮದ್ದು ಸಿಡಿದು ಬ್ಲೇಡನ್ನು ಮುಂದೆ ತಳ್ಳುತ್ತದೆ, ಕುಣಿಕೆ ತುಂಡಾಗುತ್ತದೆ, ಅದುಮಿಟ್ಟ ಸ್ಪ್ರಿಂಗಿನ ಪೈಲಟ್ ಚೂಟ್ ಎಂಬ ಪುಟ್ಟ ಪ್ಯಾರಾಚೂಟ್ ಹೊರಗೆ ನೆಗೆದು ರಿಸರ್ವನ್ನು ಎಳೆಯುತ್ತದೆ.

ಆ ಲೆಕ್ಕ ಏನೆಂಬುದನ್ನು ನೀವು ಗಮನವಿಟ್ಟು ಓದಬೇಕು. ಅನುಭವಿಗಳಿಗೆಂದು ತಯಾರಾದ ಮಾದರಿ ಸುಮಾರು 750 ಅಡಿ, ಅಂದರೆ 225 ಮೀಟರ್ ಎತ್ತರದಲ್ಲಿ, ಬೀಳುವ ವೇಗ ಸೆಕೆಂಡಿಗೆ 35 ಮೀಟರನ್ನು ಮೀರಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಗಂಟೆಗೆ ಸುಮಾರು 190 ಕಿ.ಮೀ. ಆ ವೇಗದಲ್ಲಿ 225 ಮೀಟರ್ ಎಂದರೆ ನೆಲಕ್ಕೆ ನಾಲ್ಕೇ ಸೆಕೆಂಡು. ಯಂತ್ರ ಕಾದು ಕುಳಿತಿರುವುದು ಎಲ್ಲ ಅವಕಾಶಗಳೂ ಮುಗಿದ ಆ ಕೊನೆಯ ಗಳಿಗೆಗಾಗಿ.

ಇದಕ್ಕಿಂತ ಮುಖ್ಯವಾದ ಸಂಗತಿ ವೇಗದ ಷರತ್ತು. ಅರ್ಧ ತೆರೆದ ಪ್ಯಾರಾಚೂಟ್ ನಿಮ್ಮ ವೇಗವನ್ನು 35 ಮೀಟರಿಗಿಂತ ಕೆಳಕ್ಕೆ ಇಳಿಸಿಬಿಟ್ಟರೆ, ಆ ವೇಗದಲ್ಲಿ ನೆಲಕ್ಕೆ ಬಡಿದರೆ ಬದುಕುವುದು ಅಸಾಧ್ಯವಾಗಿದ್ದರೂ, ಯಂತ್ರಕ್ಕೆ ಅದು ಅಪಾಯವೆಂದು ತೋರುವುದಿಲ್ಲ. ಅಂಥ ಹೊತ್ತಿನಲ್ಲಿ ಕಳಚಬೇಕಾದವರು ನೀವೇ. ವಿದ್ಯಾರ್ಥಿಗಳ ಮಾದರಿಯಲ್ಲಿ ಈ ಮಿತಿಯನ್ನು ಸೆಕೆಂಡಿಗೆ 13 ಮೀಟರಿಗೆ ಇಳಿಸಿದ್ದಾರೆ. ಆದರೆ ಅದಕ್ಕೂ ತನ್ನದೇ ತೊಂದರೆಯಿದೆ. ಸರಿಯಾಗಿ ತೆರೆದ ಪ್ಯಾರಾಚೂಟಿನಲ್ಲೇ ವಿದ್ಯಾರ್ಥಿ ತಗ್ಗಿನಲ್ಲಿ ಬಿರುಸಾಗಿ ಸುತ್ತುಹಾಕಿದರೆ ಯಂತ್ರ ರಿಸರ್ವನ್ನೂ ಬಿಟ್ಟುಬಿಡಬಹುದು, ಆಗ ತಲೆಯ ಮೇಲೆ ಎರಡು ಪ್ಯಾರಾಚೂಟ್‌ಗಳು. ಮುಖ್ಯ ಪ್ಯಾರಾಚೂಟನ್ನು ತೀರಾ ತಗ್ಗಿನಲ್ಲಿ ಎಳೆದ ಅನುಭವಿಗಳಿಗೂ ಇದೇ ಗತಿ ಬಂದದ್ದುಂಟು. ಇಬ್ಬರು ಒಟ್ಟಿಗೆ ಇಳಿಯುವ ಟ್ಯಾಂಡಮ್ ಮಾದರಿ ಸುಮಾರು 1,900 ಅಡಿಯಲ್ಲೇ ಕೆಲಸ ಮಾಡುತ್ತದೆ. ಹೀಗೆ ಒಂದೇ ಹೆಸರಿನ ಯಂತ್ರಗಳಾದರೂ ಅವುಗಳ ಲೆಕ್ಕ ಬೇರೆಬೇರೆಯಾಗಿರುವುದರಿಂದ, ನಿಮ್ಮ ಬೆನ್ನಿನಲ್ಲಿರುವುದು ಯಾವ ಮಾದರಿ ಎಂದು ತಿಳಿಯದೆ ವಿಮಾನ ಹತ್ತಲೇಬೇಡಿ.

ಮತ್ತೊಂದು ವಿಷಯ. ಯಂತ್ರವು ನೆಲದ ಮಟ್ಟವನ್ನು ಗುರುತಿಸಿಕೊಳ್ಳುವುದು ಅದನ್ನು ಆನ್ ಮಾಡಿದ ಸ್ಥಳದಲ್ಲಿ. ಚಾಮುಂಡಿ ಬೆಟ್ಟದ ಮೇಲಿನ ಮನೆಯಲ್ಲಿ ಆನ್ ಮಾಡಿಕೊಂಡು ಕೆಳಗಿನ ಬಯಲಿನಲ್ಲಿ ಜಿಗಿಯಲು ಬಂದರೆ ಅದರ ಲೆಕ್ಕವೆಲ್ಲ ತಪ್ಪುತ್ತದೆ. ಜಿಗಿತದ ಮೈದಾನಕ್ಕೆ ಬಂದ ಮೇಲೆಯೇ ಆನ್ ಮಾಡಬೇಕು. ನಡುವೆ ಬೇರೆ ಎತ್ತರದ ಊರಿಗೆ ಹೋಗಿಬಂದರೆ ಆಫ್ ಮಾಡಿ ಮತ್ತೆ ಆನ್ ಮಾಡಬೇಕು.

ಹಾಗೆಂದು ಎಎಡಿ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದ ರಿಗ್, ಅಂದರೆ ಪ್ಯಾರಾಚೂಟ್‌ಗಳಿರುವ ಬೆನ್ನಿನ ಚೀಲ, ಯಾರೂ ಹಾಕಿಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೊಬ್ಬರಿಗೆ ಡಿಕ್ಕಿಯಾಗಿ ಪ್ರಜ್ಞೆ ತಪ್ಪಿದವರನ್ನು, ಗಾಬರಿಯಲ್ಲಿ ಎತ್ತರದ ಎಚ್ಚರ ಕಳೆದುಕೊಂಡವರನ್ನು ಅದು ಉಳಿಸಿದೆ. ಆದರೆ ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ಪ್ರಕಾರ ವಿದ್ಯಾರ್ಥಿಗಳು ಮತ್ತು ಮೊದಲ ಹಂತದ ಎ ಲೈಸೆನ್ಸ್ ಹೊಂದಿದವರು 2,500 ಅಡಿಗೆ ಇಳಿಯುವ ಮೊದಲೇ, ಮೇಲಿನ ಹಂತದ ಲೈಸೆನ್ಸಿನವರು 1,800 ಅಡಿಗೆ ಇಳಿಯುವ ಮೊದಲೇ ಕಳಚುವ ನಿರ್ಧಾರ ಮಾಡಿರಬೇಕು. ದಿನವಿಡೀ ಅಭ್ಯಾಸ ಮಾಡಿಸುವುದು ಆ ನಿರ್ಧಾರಕ್ಕಾಗಿ. ಎತ್ತರ ತೋರಿಸುವ ಮಣಿಕಟ್ಟಿನ ಆಲ್ಟಿಮೀಟರ್ ನೋಡುವ ಅಭ್ಯಾಸ ಕೈಗೆ ಒಗ್ಗಿದವರಿಗೆ ಎಎಡಿಯ ಅಗತ್ಯ ಬೀಳುವುದು ವಿರಳ.

ಪ್ರಶ್ನೆ: ಕನ್ನಡಕ ಹಾಕುವವರು ಜಿಗಿಯಬಹುದೇ? ಬೀಳುವಾಗ ಜಯಂಟ್ ವ್ಹೀಲ್‌ನಲ್ಲಿ ಆಗುವಂತೆ ಹೊಟ್ಟೆಯಲ್ಲಿ ತಳಮಳ ಆಗುತ್ತದೆಯೇ? (ಓದುಗರು, ತುಮಕೂರು)

ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಗಾಗಲ್ಸ್ ಸಿಗುತ್ತವೆ. ತಳಮಳ ಬಹುಮಟ್ಟಿಗೆ ಆಗುವುದಿಲ್ಲ, ಏಕೆಂದರೆ ಬಾಗಿಲು ಬಿಟ್ಟ ಕ್ಷಣದಲ್ಲಿ ವಿಮಾನದ ವೇಗವೇ ನಿಮ್ಮ ವೇಗವಾಗಿರುತ್ತದೆ ಮತ್ತು ಗಾಳಿ ಆಗಲೇ ನಿಮ್ಮನ್ನು ಒತ್ತಿ ಹಿಡಿದಿರುತ್ತದೆ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾಳೆ. ಸ್ಕೈಡೈವಿಂಗ್ ತರಬೇತಿ ಮುಗಿಸಿ ಎ ಲೈಸೆನ್ಸ್ ಪಡೆದಿದ್ದಾಳೆ. ಈಗ ಬೇರೆಯವರು ಬಳಸಿದ ರಿಗ್ ಕೊಳ್ಳುತ್ತೇನೆ ಎನ್ನುತ್ತಾಳೆ. ಹಳೆಯದನ್ನು ಕೊಳ್ಳುವುದು ಸರಿಯೇ? ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂದು ಬಂಧುಗಳು ಕೇಳುತ್ತಿದ್ದಾರೆ. (ಓದುಗರು, ಶಿವಮೊಗ್ಗ)

ನಿಮ್ಮ ಬಂಧುಗಳಿಗೆ 2002ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದ ರೇಚಲ್ ಥಾಮಸ್ ಅವರ ಹೆಸರನ್ನೂ, ಎರಡೂ ಧ್ರುವಗಳಲ್ಲಿ ಜಿಗಿದ ಪುಣೆಯ ಶೀತಲ್ ಮಹಾಜನ್ ಅವರ ಹೆಸರನ್ನೂ ಹೇಳಿ. ಇಬ್ಬರಿಗೂ ಪದ್ಮಶ್ರೀ ಸಂದಿದೆ.

ಇನ್ನು ರಿಗ್ ವಿಚಾರ. ಎ ಲೈಸೆನ್ಸ್ ಪಡೆಯಲು ಕನಿಷ್ಠ 25 ಜಿಗಿತ ಬೇಕು. ಅಷ್ಟು ಅನುಭವದವರು ಬಳಸಿದ ರಿಗ್ ಕೊಳ್ಳುವುದು ಎಲ್ಲೆಡೆ ಇರುವ ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ಹಣ ಕೊಡುವ ಮುಂಚೆ ಮಾರುವವರಿಗೆ ಸಂಬಂಧವಿಲ್ಲದ ರಿಗ್ಗರ್ ಒಬ್ಬರಿಂದ ಅದನ್ನು ಪೂರ್ತಿ ಬಿಚ್ಚಿಸಿ ನೋಡಲೇಬೇಕೆಂದು ಮಗಳಿಗೆ ಹೇಳಿ. ಹಗ್ಗಗಳು ಬಳಕೆಯಿಂದ ಒಂದೊಂದು ಒಂದೊಂದು ಅಳತೆಗೆ ಕುಗ್ಗಿರುತ್ತವೆ. ಹಾಗಾದಾಗ ಪ್ಯಾರಾಚೂಟ್ ಒಂದು ಪಕ್ಕಕ್ಕೆ ವಾಲತೊಡಗುತ್ತದೆ. ಎಎಡಿಗೆ ತಯಾರಾದ ದಿನಾಂಕದಿಂದ ಲೆಕ್ಕ ಹಾಕುವ ಆಯಸ್ಸಿದೆ. ಮುಗಿಯುತ್ತ ಬಂದ ಎಎಡಿಯನ್ನು ಹೊಸದರ ಬೆಲೆಗೆ ಹೊಂದಿಸಿ ಮಾರುವವರಿರುತ್ತಾರೆ. ರಿಗ್ಗನ್ನು ಮೈಗೆ ಬಿಗಿಯುವ ಪಟ್ಟಿಗಳು, ಅಂದರೆ ಹಾರ್ನೆಸ್, ಮೈಗೆ ಸರಿಹೊಂದಬೇಕು. ಎತ್ತರದವರಿಗೆ ಹೊಲಿದದ್ದನ್ನು ಗಿಡ್ಡ ಮೈಕಟ್ಟಿನವರು ಬಿಗಿದುಕೊಂಡರೆ ಪ್ಯಾರಾಚೂಟ್ ತೆರೆದ ಕೂಡಲೇ ಎದೆಪಟ್ಟಿ ಕುತ್ತಿಗೆಯವರೆಗೆ ಏರಿ, ಹಿಡಿಗಳು ಇರಬೇಕಾದ ಜಾಗದಿಂದ ಸರಿದುಬಿಡುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಪ್ಯಾರಾಚೂಟಿನ ಅಳತೆಯನ್ನು ಕೇಳಿ ತಿಳಿದುಕೊಳ್ಳಿ. ಮೈತೂಕಕ್ಕೆ ರಿಗ್ಗಿನ ತೂಕ ಸೇರಿಸಿ, ಪೌಂಡಿನಲ್ಲಿ ಬಂದದ್ದನ್ನು ಬಟ್ಟೆಯ ಚದರಡಿಯಿಂದ ಭಾಗಿಸುತ್ತಾರೆ. ಮಗಳು 55 ಕೆ.ಜಿ., ರಿಗ್ 10 ಕೆ.ಜಿ. ಎಂದುಕೊಂಡರೆ ಒಟ್ಟು ಸುಮಾರು 143 ಪೌಂಡ್. 170 ಚದರಡಿಯ ಪ್ಯಾರಾಚೂಟಿಗೆ ಅದು 0.84, 135 ಚದರಡಿಯದಕ್ಕೆ 1.06. ಹೊಸಬರು ಒಂದರ ಒಳಗೇ ಇರುವುದು ಕ್ಷೇಮ. ಹಗುರ ಮೈಯವರು ಒಂದಕ್ಕಿಂತ ಸಾಕಷ್ಟು ಕೆಳಗಿರಬೇಕು, ಏಕೆಂದರೆ ಭಾಗಲಬ್ಧ ಒಂದೇ ಇದ್ದರೂ ಚಿಕ್ಕ ಪ್ಯಾರಾಚೂಟ್ ದೊಡ್ಡದಕ್ಕಿಂತ ಚುರುಕಾಗಿ ತಿರುಗುತ್ತದೆ. ಚಿಕ್ಕದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರನ್ನು ಕಂಡರೆ ನನಗೆ ಆತಂಕವಾಗುತ್ತದೆ.

ಪ್ರಶ್ನೆ: ನಮ್ಮ ತಂದೆ ಪ್ಯಾರಾಚೂಟ್ ರೆಜಿಮೆಂಟಿನಲ್ಲಿದ್ದವರು. ತಾವು ಎಂದೂ ಹಿಡಿ ಎಳೆದೇ ಪ್ಯಾರಾಚೂಟ್ ಬಿಡಿಸಿದ್ದಿಲ್ಲ ಎನ್ನುತ್ತಾರೆ. ಅದು ಹೇಗೆ? (ಓದುಗರು, ಬೆಂಗಳೂರು)

ಆ ರೆಜಿಮೆಂಟಿನ ತರಬೇತಿ ಕೇಂದ್ರ ನಿಮ್ಮ ಊರಿನಲ್ಲೇ ಇದೆ. ಸೈನಿಕರು ಹೆಚ್ಚಾಗಿ ಜಿಗಿಯುವುದು ಸ್ಟ್ಯಾಟಿಕ್ ಲೈನ್ ಪದ್ಧತಿಯಲ್ಲಿ. ಪಟ್ಟಿಯ ಒಂದು ತುದಿ ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತದೆ, ಮೈಭಾರಕ್ಕೆ ಅದು ಬಿಗಿದು ಪ್ಯಾರಾಚೂಟನ್ನು ಎಳೆದು ತೆರೆಯುತ್ತದೆ. ತಗ್ಗಿನಿಂದ ಬಹಳ ಮಂದಿ ಬೇಗಬೇಗ ಇಳಿಯಬೇಕಾದಾಗ ಇದೇ ಸರಿಯಾದ ವಿಧಾನ.

ಪ್ರಶ್ನೆ: ಪ್ಯಾರಾಚೂಟ್ ಒಮ್ಮೆ ಸರಿಯಾಗಿ ತೆರೆದ ಮೇಲೆ ಹೆದರುವಂಥದ್ದೇನೂ ಇಲ್ಲ ಅಲ್ಲವೇ? (ಓದುಗರು, ಮಂಗಳೂರು)

ಇಲ್ಲವೆಂದು ಹೇಳಲು ನನಗೆ ಸಾಧ್ಯವಾಗಿದ್ದರೆ ಚೆನ್ನಾಗಿತ್ತು. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಈ ಕ್ರೀಡೆಯಲ್ಲಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಮಂದಿ. ಮೇಲೆ ಹೇಳಿದ ಸಾಧನಗಳಿಗೂ, ಸುಧಾರಿಸಿದ ತರಬೇತಿಗೂ ಇದರ ಶ್ರೇಯ ಸಲ್ಲುತ್ತದೆ. ಆದರೆ ಈಚಿನ ದಶಕಗಳಲ್ಲಿ ಸತ್ತವರಲ್ಲಿ ಗಣನೀಯ ಪಾಲು ಜನರ ತಲೆಯ ಮೇಲೆ ಯಾವ ದೋಷವೂ ಇಲ್ಲದ, ಪೂರ್ತಿ ತೆರೆದ ಪ್ಯಾರಾಚೂಟ್ ಇತ್ತು.

ಕಾರಣ ತಗ್ಗಿನ ತಿರುವು. ಚೌಕಾಕಾರದ ಪ್ಯಾರಾಚೂಟ್ ಒಂದು ರೆಕ್ಕೆ. ದಿಕ್ಕು ಬದಲಿಸಲೆಂದು ತಲೆಯ ಮೇಲೆ ಎರಡು ಬದಿಗೂ ಇರುವ ಹಿಡಿಗಳಲ್ಲಿ ಒಂದನ್ನು ಬಲವಾಗಿ ಎಳೆದರೆ ಅದು ವಾಲಿ, ಮುಂದಕ್ಕೆ ಮುಗ್ಗರಿಸಿ, ಕೆಳಮುಖವಾಗಿ ವೇಗ ಪಡೆಯುತ್ತದೆ. ಮತ್ತೆ ನೇರವಾಗಲು ಅದಕ್ಕೆ ಎತ್ತರ ಬೇಕು. ನೂರು ಅಡಿಯಲ್ಲಿ ಮುಂದೆ ಬೇಲಿಯನ್ನೋ ಮರವನ್ನೋ ಕಂಡು ಬೆಚ್ಚಿ ಹಿಡಿ ಎಳೆದವರಿಗೆ ಆ ಎತ್ತರ ಉಳಿದಿರುವುದಿಲ್ಲ. ಈ ಅಪಾಯಕ್ಕೆ ಎಎಡಿಯೂ ಇಲ್ಲ, ಆರ್‌ಎಸ್‌ಎಲ್ಲೂ ಇಲ್ಲ, ಕಳಚುವ ಹಿಡಿಯೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದಲೇ ಇಳಿಯುವ ದಿಕ್ಕನ್ನು ಸಾವಿರ ಅಡಿ ಎತ್ತರದಲ್ಲೇ ನಿಶ್ಚಯಿಸಿಕೊಂಡು, ಕೊನೆಯ ಮುನ್ನೂರು ಅಡಿಯನ್ನು ನೇರವಾಗಿ ಇಳಿಯಬೇಕು. ದಿಕ್ಕು ಬದಲಿಸಲೇಬೇಕಾದರೆ ಎರಡೂ ಹಿಡಿಗಳನ್ನು ಅರ್ಧ ಎಳೆದಿಟ್ಟು, ಒಂದನ್ನು ಇನ್ನೊಂದಕ್ಕಿಂತ ತುಸು ಹೆಚ್ಚು ಎಳೆದು ನಿಧಾನವಾಗಿ ಹೊರಳಬೇಕು. ಹೀಗೆ ಹೊರಳಿದರೆ ರೆಕ್ಕೆ ಅಷ್ಟಾಗಿ ವಾಲುವುದಿಲ್ಲ. ಗಾಳಿಯ ಜೊತೆಗೇ ಇಳಿಯುವಂತಾದರೆ ಹಾಗೆಯೇ ಇಳಿಯಿರಿ. ಪಾದ ಮೊಣಕಾಲುಗಳನ್ನು ಜೋಡಿಸಿಕೊಂಡು, ಎಂದಿನಂತೆ ಎರಡೂ ಹಿಡಿಗಳನ್ನು ಪೂರ್ತಿ ಎಳೆದು, ನೆಲ ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳಿದರೆ ಬಟ್ಟೆ ಕೊಳೆಯಾಗಬಹುದು, ಹೆಚ್ಚೆಂದರೆ ಕಣಕಾಲು ಉಳುಕಬಹುದು.