ಸ್ಟುಟ್‌ಗಾರ್ಟಿನಿಂದ ಊರಿಗೆ ಹೋಗುವ ಕಾರ್ಡು

ಸ್ಟುಟ್‌ಗಾರ್ಟಿಗೆ ಬಂದು ಮೂರು ತಿಂಗಳಾಯಿತು, ದಿನವೂ ಮನೆಯವರೊಡನೆ ವಿಡಿಯೊದಲ್ಲಿ ಮಾತನಾಡುತ್ತಿದ್ದರೂ ಊರು ಕೈತಪ್ಪಿ ಹೋಗುತ್ತಿದೆ ಎನಿಸುತ್ತದೆ, ದೀಪಾವಳಿಗೆ ಎಲ್ಲರಿಗೂ ಒಂದೊಂದು ಪಾರ್ಸೆಲ್ ಕಳಿಸಿದರೆ ಹೇಗೆ ಎಂದು ನೀವು ಕೇಳಿದ್ದೀರಿ. ಪಾರ್ಸೆಲ್ ಬೇಡ, ಕಾರ್ಡು ಕಳಿಸಿ ಎಂಬುದು ನನ್ನ ಉತ್ತರ. 2009ರಿಂದ ಇಲ್ಲೇ ಇರುವ ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಅಪ್ಪ ಅಮ್ಮ ಕೈತಪ್ಪುವುದಿಲ್ಲ, ಅವರಿಗೆ ಫೋನು ಸಾಕು. ಸಡಿಲವಾಗುವುದು ಎರಡನೆಯ ಸುತ್ತಿನ ನಂಟು: ಮೈಸೂರಿನ ದೊಡ್ಡಮ್ಮ, ಹೈಸ್ಕೂಲಿನ ಮೇಷ್ಟ್ರು, ಪಕ್ಕದ ಮನೆಯವರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ. ಊರಿನಲ್ಲಿದ್ದಾಗ ಇವರಿಗೆ ನಾವು ಫೋನು ಮಾಡುತ್ತಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಮದುವೆ ಮುಂಜಿಗಳಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ ತಾವಾಗಿಯೇ ಎದುರಾಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅದು ನಿಲ್ಲುತ್ತದೆ, ಮತ್ತು ಎರಡು ವರ್ಷ ಸುಮ್ಮನಿದ್ದು ಏಕಾಏಕಿ ಫೋನು ಮಾಡಿದರೆ ‘ಏನಪ್ಪಾ, ಎಲ್ಲ ಕ್ಷೇಮ ತಾನೆ?’ ಎಂದು ಅವರು ಗಾಬರಿಯಾಗುತ್ತಾರೆ. ಕಾರ್ಡಿಗೆ ಈ ತೊಡಕಿಲ್ಲ. ಅದನ್ನು ಬರೆಯಲು ಕಾರಣ ಬೇಕಾಗಿಲ್ಲ, ಉತ್ತರ ಬರೆಯಬೇಕಾದ ಹೊರೆಯನ್ನೂ ಅದು ಯಾರ ಮೇಲೂ ಹೊರಿಸುವುದಿಲ್ಲ.

ಬಂದ ಮೊದಲ ವರ್ಷ ಒಂದು ಭಾನುವಾರ ರೈಲು ಹತ್ತಿ ಹತ್ತಿರದ ಟ್ಯೂಬಿಂಗನ್ನಿಗೆ ಹೋಗಿದ್ದೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ನೆಕ್ಕರ್ ನದಿಯ ದಂಡೆಯ ಚಿತ್ರವಿದ್ದ ಕಾರ್ಡೊಂದನ್ನು ಕೊಂಡು, ಇಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆದು, ನನ್ನ ಕನ್ನಡ ಮೇಷ್ಟ್ರಿಗೆ ಹಾಕಿದೆ. ಅವರು ಅದನ್ನು ಶಾಲೆಗೆ ಒಯ್ದು, ಹುಡುಗರಿಂದ ಗಟ್ಟಿಯಾಗಿ ಓದಿಸಿ, ಸೂಚನಾ ಫಲಕಕ್ಕೆ ಚುಚ್ಚಿಸಿದ್ದರೆಂದು ಮುಂದೆ ಊರಿಗೆ ಹೋದಾಗ ತಿಳಿಯಿತು. ಅದಾದ ಮೇಲೆ ಯಾರದೋ ಕೈಯಲ್ಲಿ ನಾನು ಅವರಿಗೆ ಕಳಿಸಿದ್ದ ದುಬಾರಿ ಪೆನ್ನು ಮಾತ್ರ ಡಬ್ಬಿಯ ಸಮೇತ ಬೀರುವಿನಲ್ಲಿಯೇ ಇತ್ತು. ಹಾಗಾಗಿ ಕಾರ್ಡಿನಲ್ಲಿ ‘ನಾನು ಕ್ಷೇಮ, ಇಲ್ಲಿ ಚಳಿ’ ಎಂದು ಬರೆದು ಮುಗಿಸಬೇಡಿ. ಓದುವವರಿಗೇ ಸಲ್ಲುವ ಒಂದು ಸಂಗತಿಯನ್ನು ಹುಡುಕಿ ಬರೆಯಿರಿ.

ಖರ್ಚು ಹೆಚ್ಚಿಲ್ಲ. 2025ರಿಂದ ಇಲ್ಲಿಂದ ಹೊರದೇಶಕ್ಕೆ ಹೋಗುವ ಪೋಸ್ಟ್‌ಕಾರ್ಡಿಗೂ 20 ಗ್ರಾಂ ಒಳಗಿನ ಕಾಗದಕ್ಕೂ 1.25 ಯೂರೊ ಅಂಚೆಚೀಟಿ ಸಾಕು. ವಿಳಾಸವನ್ನು ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಆದರೆ ಊರು, ಆರಂಕಿಯ ಪಿನ್ ಕೋಡ್ ಮತ್ತು ಕೊನೆಯ ಸಾಲಿನ ದೇಶದ ಹೆಸರು ಇಂಗ್ಲಿಷಿನಲ್ಲಿರಲಿ. ‘ಮಾರಮ್ಮನ ಗುಡಿ ಹಿಂಭಾಗ’ ಎಂಬುದನ್ನು ಬಿಡಬೇಡಿ, ಅಂಚೆಯಣ್ಣ ನಂಬುವುದು ಅದನ್ನೇ.

ಇನ್ನೊಂದು ಮಾತನ್ನು ತಪ್ಪು ಮಾಡಿ ಕಲಿತಿದ್ದೇನೆ. ಜರ್ಮನರು ಸಾವಿನ ಮನೆಗೆ ಸಂತಾಪದ ಕಾರ್ಡು ಕಳಿಸುತ್ತಾರೆ, ಅದು ಇಲ್ಲಿನ ಮರ್ಯಾದೆ. ಗೆಳೆಯನ ತಂದೆ ತೀರಿಕೊಂಡಾಗ ನಾನೂ ಹಾಗೆಯೇ ಮಾಡಿದೆ. ಅದು ತಲುಪುವ ಹೊತ್ತಿಗೆ ವೈಕುಂಠ ಸಮಾರಾಧನೆ ಮುಗಿದು ಮನೆ ಸ್ವಲ್ಪ ಹಗುರವಾಗಿತ್ತು, ಅವನ ತಾಯಿ ಆ ಕಾರ್ಡನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಶುಭ ಸಮಾಚಾರದ ಕಾಗದದ ಮೂಲೆಗೆ ಅರಿಸಿನ ಹಚ್ಚಿ, ಸಾವಿನ ಕಾಗದವನ್ನು ಓದಿದೊಡನೆ ಹರಿದು ಹಾಕುತ್ತಿದ್ದ ಜನ ನಾವು ಎಂಬುದು ನನಗೆ ನೆನಪಾಗಬೇಕಿತ್ತು. ಅಂಥ ಸಮಯದಲ್ಲಿ ಫೋನೇ ಸರಿ. ಯುಗಾದಿಯ ಕಾರ್ಡಿನ ಮೂಲೆಗಳಿಗೆ ಮಾತ್ರ ಈಗಲೂ ಚಿಟಿಕೆ ಅರಿಸಿನ ತಿಕ್ಕುತ್ತೇನೆ.

ಪಾರ್ಸೆಲ್ ಏಕೆ ಬೇಡ ಎಂದರೆ, ಅದರ ಭಾರ ಪಡೆಯುವವರ ತಲೆಗೆ ಬರುತ್ತದೆ. 2019ರ ಡಿಸೆಂಬರಿನಿಂದ ಭಾರತದಲ್ಲಿ ಹೊರದೇಶದ ಉಡುಗೊರೆಗೆ ಸುಂಕದ ವಿನಾಯಿತಿ ಇಲ್ಲ. ಜೀವರಕ್ಷಕ ಔಷಧಕ್ಕೂ ರಾಖಿಗೂ ಮಾತ್ರ ಅದು ಉಳಿದಿದೆ. (ನಮ್ಮ ಗೌರಿ ಹಬ್ಬದ ಬಾಗಿನದ ನೆನಪು ದೆಹಲಿಯಲ್ಲಿ ಯಾರಿಗೂ ಆಗಲಿಲ್ಲವೆಂದು ಕಾಣುತ್ತದೆ.) ನಾನು ಒಂದು ಏಪ್ರಿಲಿನಲ್ಲಿ ಅಮ್ಮನಿಗೆ ಕಳಿಸಿದ ಶಾಲಿಗೆ ಅಪ್ಪ ಸುಂಕ ಕಟ್ಟಿ ಬಿಡಿಸಿಕೊಂಡರು, ತೆರೆದು ನೋಡಿದರೆ ಜೊತೆಗಿದ್ದ ಚಾಕಲೇಟು ಕರಗಿ ಶಾಲಿಗೆಲ್ಲ ಮೆತ್ತಿಕೊಂಡಿತ್ತು. ಅಪ್ಪ ಇಬ್ಬರನ್ನೂ ಬೈಯಲಿಲ್ಲ, ನನ್ನನ್ನೂ ಚಾಕಲೇಟನ್ನೂ. ‘ಇನ್ನು ಮೇಲೆ ನೀನೇ ಬರುವಾಗ ತಾ’ ಎಂದರು. ಅಂದಿನಿಂದ ತಂಗಿಗೆ ಗೌರಿ ಹಬ್ಬದ ಸೀರೆ, ಬಳೆಗಳನ್ನು ಊರಿನ ಅಂಗಡಿಗೇ ಹೇಳಿ ಮನೆಗೆ ಮುಟ್ಟಿಸುತ್ತೇನೆ, ಇಲ್ಲಿಂದ ಹೋಗುವುದು ಕೈಬರಹದ ಕಾರ್ಡು ಮತ್ತು ಮಕ್ಕಳದೊಂದು ಫೋಟೊ. ಸಾಮಾನ್ಯ ಲಕೋಟೆಯಲ್ಲಿ ಕಾಗದವಲ್ಲದೆ ಬೇರೆ ವಸ್ತು ಇಡಬಾರದೆಂಬ ನಿಯಮವೂ ಇದರಿಂದ ಪಾಲನೆಯಾಗುತ್ತದೆ.

ಊರಿನಿಂದ ಬರುವುದಕ್ಕೂ ಮಿತಿಯುಂಟು. ಮನೆಯವರು ಕಳಿಸುವ ಉಡುಗೊರೆಗೆ 45 ಯೂರೊ ಬೆಲೆಯವರೆಗೆ ಇಲ್ಲಿ ಸುಂಕವಿಲ್ಲ, ಆದರೆ ತುಪ್ಪ, ಪೇಡೆಯಂಥ ಹಾಲಿನ ಪದಾರ್ಥವನ್ನೂ ಹಸಿ ಕರಿಬೇವನ್ನೂ ಕಳಿಸಬೇಡಿರೆಂದು ಅಮ್ಮನಿಗೆ ಮೊದಲೇ ಹೇಳಿಬಿಡಿ. ಚಟ್ನಿಪುಡಿಗೆ ಭಯವಿಲ್ಲ; ಡಬ್ಬದ ಮೇಲೆ ಅದೇನೆಂದು, ಬೆಲೆ ಎಷ್ಟೆಂದು ಇಂಗ್ಲಿಷಿನಲ್ಲಿ ಬರೆಸಿ, ಇಲ್ಲವಾದರೆ ನನ್ನ ಹಾಗೆ ಕಸ್ಟಮ್ಸ್ ಕಚೇರಿಗೆ ಹೋಗಿ ಅಧಿಕಾರಿಯ ಎದುರು ಕೆಂಪು ಪುಡಿಯ ಪರಿಚಯ ಮಾಡಿಕೊಡಬೇಕಾಗುತ್ತದೆ.

ಇಲ್ಲಿನ ಗೆಳೆಯರಿಗೂ ಕಾರ್ಡು ಕೊಡಿ, ಆದರೆ ಹುಟ್ಟುಹಬ್ಬದ ಹಿಂದಿನ ದಿನ ಶುಭ ಹಾರೈಸಬೇಡಿ, ಅದನ್ನು ಇವರು ಅಪಶಕುನವೆಂದು ಎಣಿಸುತ್ತಾರೆ. ಒಂದು ದಿನ ತಡವಾದರೆ ಯಾರೂ ಬೇಸರಿಸುವುದಿಲ್ಲ.

ನನ್ನ ಕಾರ್ಡುಗಳು ಊರು ಮುಟ್ಟಲು ಹತ್ತು ದಿನದಿಂದ ಒಂದು ತಿಂಗಳವರೆಗೆ ಹಿಡಿದಿದೆ. ದೀಪಾವಳಿಗೆ ಸೇರಬೇಕಾದರೆ ಮಹಾಲಯ ಅಮಾವಾಸ್ಯೆಗೆ ಮೊದಲೇ ಇಲ್ಲಿನ ಹಳದಿ ಅಂಚೆಪೆಟ್ಟಿಗೆಗೆ ಹಾಕಿಬಿಡಿ, ದೊಡ್ಡಮ್ಮನದನ್ನು ಎಲ್ಲಕ್ಕಿಂತ ಮೊದಲು.