ಸಿಕ್ಕಿದ ಸೀಟನ್ನು ಮೊದಲು ಊರಿಗೆ ಹೇಳು

ತಂಗೀ, ನಿನ್ನ ಪತ್ರ ಓದಿದೆ. ಶಿರಸಿಯಿಂದ ಒಹಾಯೋಗೆ ಬಂದು ಇನ್ನೂ ಸರಿಯಾಗಿ ಕಾಲೂರಿಲ್ಲ, ಅಷ್ಟರಲ್ಲೇ ಮಗಳ ಕಾಲೇಜಿನ ಚಿಂತೆ ಬಂತು ಅಲ್ವಾ? ನೀನು ಕೇಳಿದ್ದು ಇಷ್ಟು. ನಿಮ್ಮ ರಾಜ್ಯದ ಯೂನಿವರ್ಸಿಟಿಯಲ್ಲೇ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಅವಳು ಆಸೆಪಟ್ಟಿದ್ದ ಬಾಸ್ಟನ್ ಕಡೆಯ ಕಾಲೇಜು ವೇಟ್‌ಲಿಸ್ಟಿಗೆ ಹಾಕಿದೆ. ಈಗ ಸಿಕ್ಕಿದ ಸೀಟು ಉಳಿಸಿಕೊಳ್ಳಲು ಡಿಪಾಸಿಟ್ ಕಟ್ಟಬೇಕಾ, ಕಾಯಬೇಕಾ? ಯಾರದ್ದಾದರೂ ಶಿಫಾರಸು ತರಬಹುದಾ? ಜೂನ್‌ನಲ್ಲಿ ಊರಿಗೆ ಹೋಗಿಬರಬಹುದಾ? ಹಾಸ್ಟೆಲ್ಲಿನಲ್ಲಿ ಸಸ್ಯಾಹಾರಿಗಳಿಗೆ ಊಟ ಹೇಗೆ? ಊಟದ ಚಿಂತೆ ಬಿಡು. ಏನಾದರೂ ಸಿಗುತ್ತದೆ, ಅವಳು ನಮಗಿಂತ ಬೇಗ ಹೊಂದಿಕೊಳ್ಳುತ್ತಾಳೆ. ಉಳಿದದ್ದನ್ನು ಹೇಳುತ್ತೇನೆ.

ಡಿಪಾಸಿಟ್ ಕಟ್ಟು. ಮೇ 1ರ ಒಳಗೇ ಕಟ್ಟು. ಇಲ್ಲಿನ ಹೆಚ್ಚಿನ ಕಾಲೇಜುಗಳಿಗೆ ಅದೇ ಕೊನೆಯ ದಿನ. ಆಮೇಲೆ ವೇಟ್‌ಲಿಸ್ಟಿನಲ್ಲಿ ಸೀಟು ಬಂದು ಅಲ್ಲಿಗೆ ಹೋದರೆ ಈ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಹೋಗಲಿ. ಆದರೆ ಎರಡು ಕಾಲೇಜಿಗೆ ಒಟ್ಟಿಗೆ ಡಿಪಾಸಿಟ್ ಕಟ್ಟುವ ಬುದ್ಧಿ ಯಾರಾದರೂ ಹೇಳಿದರೆ ಕೇಳಬೇಡ. ಗೊತ್ತಾದರೆ ಎರಡೂ ಸೀಟು ಕೈತಪ್ಪಬಹುದು. ನಮ್ಮ ಸಿಇಟಿ ಕೌನ್ಸೆಲಿಂಗಿನಲ್ಲಿ ಚಾಯ್ಸ್ 2 ಇದೆಯಲ್ಲ, ಸಿಕ್ಕಿದ ಸೀಟು ಇರಲಿ, ಮುಂದಿನ ಸುತ್ತಿಗೂ ಹೆಸರಿರಲಿ ಅಂತ? ಹೆಚ್ಚುಕಡಿಮೆ ಅದೇ. ಒಂದು ವ್ಯತ್ಯಾಸ ಮಾತ್ರ ನೆನಪಿಡು. ಅಲ್ಲಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿ ಹೋಗುತ್ತದೆ. ಇಲ್ಲಿ ವೇಟ್‌ಲಿಸ್ಟಿನಿಂದ ಕರೆ ಬಂದರೂ ಬೇಡ ಅನ್ನುವ ಹಕ್ಕು ನಿಮ್ಮದೇ.

ಇನ್ನೊಂದು ವಿಷಯ. ವೇಟ್‌ಲಿಸ್ಟಿನಲ್ಲಿ ಹೆಸರು ಹಾಕಿದ್ದೇವೆ ಅಂತ ಅವರು ಹೇಳಿದರೆ ಸಾಲದು. ಆ ಕಾಲೇಜಿನ ಪೋರ್ಟಲ್ಲಿಗೆ ಹೋಗಿ, ಹೌದು, ನಾನು ಕಾಯುತ್ತೇನೆ ಅಂತ ಮಗಳು ಒಪ್ಪಿಗೆ ಕೊಡಬೇಕು. ಅದಕ್ಕೂ ಕೊನೆಯ ದಿನ ಇರುತ್ತದೆ. ಇವತ್ತೇ ನೋಡಲು ಹೇಳು.

ಎಷ್ಟನೇ ನಂಬರು ಅಂತ ಕೇಳಿದ್ದೀಯಲ್ಲ, ಹೆಚ್ಚಿನ ಕಡೆ ನಂಬರೇ ಇರುವುದಿಲ್ಲ. ಇದು ನನ್ನ ತಲೆಗೆ ಹೋಗಲು ಬಹಳ ಕಾಲ ಬೇಕಾಯಿತು. ನಾನು ಅಂಕೋಲೆಯಿಂದ ನ್ಯೂಜೆರ್ಸಿಗೆ ಬಂದದ್ದು 1998ರ ಜನವರಿಯಲ್ಲಿ. ಹೊರಗೆ ಹಿಮ, ಇವರು ಆಫೀಸಿಗೆ, ಮನೆಯಲ್ಲಿ ನಾನೊಬ್ಬಳೇ. ಸಂಬಳ ಇಲ್ಲದಿದ್ದರೂ ಸರಿ, ಪುಸ್ತಕ ಜೋಡಿಸುವ ಕೆಲಸ ಕೊಡಿ ಅಂತ ಒಂದು ಲೈಬ್ರರಿಯಲ್ಲಿ ಕೇಳಿದ್ದೆ. ನಿಮ್ಮ ಅರ್ಜಿ ಫೈಲಿನಲ್ಲಿ ಇಟ್ಟುಕೊಳ್ಳುತ್ತೇವೆ ಅಂದರು. ಕಾರವಾರದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ ಬಂದವಳು ನಾನು. ಫೈಲಿನಲ್ಲಿದೆ ಅಂದರೆ ಸಾಲಿನಲ್ಲಿದ್ದೇನೆ, ಇವತ್ತಲ್ಲ ನಾಳೆ ನನ್ನ ಸರದಿ ಬರುತ್ತದೆ ಅಂತಲೇ ತಿಳಿದೆ. ಫೋನು ಬಂದರೆ ಕೇಳದೆ ಹೋದೀತು ಅಂತ ಸ್ನಾನದ ಮನೆಯ ಬಾಗಿಲು ತೆರೆದಿಟ್ಟೇ ಮೀಯುತ್ತಿದ್ದೆ. ಆ ಫೋನು ಬರಲೇ ಇಲ್ಲ.

ಕಾಲೇಜಿನ ವೇಟ್‌ಲಿಸ್ಟ್ ಅಷ್ಟು ಪೊಳ್ಳಲ್ಲ, ಆದರೆ ಸಾಲೂ ಅಲ್ಲ. ಅದು ನಡೆಯುವುದು ಹೀಗೆ. ಸೀಟು ಕೊಟ್ಟವರೆಲ್ಲ ಬಂದು ಸೇರುವುದಿಲ್ಲ ಅಂತ ಕಾಲೇಜಿಗೆ ಗೊತ್ತು. ಅದಕ್ಕೆ ಇರುವ ಸೀಟಿಗಿಂತ ಜಾಸ್ತಿ ಜನರಿಗೆ ಸೀಟು ಕೊಡುತ್ತದೆ. ಮೇ 1 ಕಳೆದ ಮೇಲೆ ಎಷ್ಟು ಜನ ದುಡ್ಡು ಕಟ್ಟಿದರು ಅಂತ ಎಣಿಸುತ್ತದೆ. ಕಡಿಮೆ ಬಿದ್ದರೆ ಮಾತ್ರ ಪಟ್ಟಿ ತೆಗೆಯುತ್ತದೆ. ಆಗಲೂ ಯಾವ ವಿಭಾಗದಲ್ಲಿ, ಎಂಥ ಮಕ್ಕಳು ಕಡಿಮೆ ಇದ್ದಾರೆ ಅಂತ ನೋಡಿ ಆರಿಸುತ್ತದೆ. ಮೇಯಲ್ಲೂ ಕರೆಯಬಹುದು, ಜುಲೈಯಲ್ಲೂ ಕರೆಯಬಹುದು. 2024ರಲ್ಲಿ ಸರ್ಕಾರದ ಹಣಸಹಾಯದ ಫಾರ್ಮು, ಅದೇ ಫಾಫ್ಸಾ, ತಡವಾಗಿ ಎಷ್ಟೋ ಕಾಲೇಜುಗಳು ಮೇ 1ನ್ನೇ ಮುಂದಕ್ಕೆ ಹಾಕಿದ್ದವು. ಹಾಗಾಗಿ ಯಾರದೋ ಮಗನಿಗೆ ಆ ವರ್ಷ ಇಂಥ ತಾರೀಖಿಗೆ ಬಂತು ಅನ್ನುವ ಲೆಕ್ಕ ಹಿಡಿದು ಕೂರಬೇಡ.

ಎಷ್ಟು ಆಸೆ ಇಟ್ಟುಕೊಳ್ಳಬಹುದು ಅಂತ ತಿಳಿಯಲು ಒಂದು ದಾರಿ ಇದೆ. ಆ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಹಾಕಿ ಹುಡುಕು, ಕಾಲೇಜು ವರ್ಷ ವರ್ಷ ಹೊರಡಿಸುವ ಅಂಕಿಅಂಶದ ಪಟ್ಟಿ ಅದು. ಅದರ ಸಿ2 ಭಾಗದಲ್ಲಿ ಎಷ್ಟು ಮಕ್ಕಳನ್ನು ವೇಟ್‌ಲಿಸ್ಟಿಗೆ ಹಾಕಿದರು, ಎಷ್ಟು ಮಂದಿ ಕಾಯಲು ಒಪ್ಪಿದರು, ಕೊನೆಗೆ ಎಷ್ಟು ಮಂದಿಗೆ ಸೀಟು ಕೊಟ್ಟರು ಅಂತ ಇರುತ್ತದೆ. ಒಂದೇ ವರ್ಷದ್ದು ನೋಡಿ ನಿಲ್ಲಿಸಬೇಡ, ನಾಲ್ಕೈದು ವರ್ಷದ್ದು ನೋಡು. ಒಂದು ವರ್ಷ ನೂರಾರು ಮಂದಿಯನ್ನು ಕರೆದ ಕಾಲೇಜು ಇನ್ನೊಂದು ವರ್ಷ ಒಬ್ಬರನ್ನೂ ಕರೆಯದೆ ಇರುವುದುಂಟು. ನಿನ್ನ ಗಂಡನಿಗೂ ತೋರಿಸು. ಗಂಡಸರು ಅಂಕಿ ನೋಡಿದರೆ ಸ್ವಲ್ಪ ಸಮಾಧಾನಕ್ಕೆ ಬರುತ್ತಾರೆ.

ಶಿಫಾರಸು ಬೇಡ. ನಮ್ಮ ಕಡೆ ಒಂದು ಮಾತು ಹೇಳಿಸಿದರೆ ತಪ್ಪೇನಿಲ್ಲ ಅಂತ ಬೆಳೆದವರು ನಾವು. ಇಲ್ಲಿ ಅಪ್ಪ ಅಮ್ಮ ಕಾಲೇಜಿಗೆ ಫೋನು ಮಾಡಿದರೆ ಮಗುವಿಗೇ ಕೆಟ್ಟ ಹೆಸರು. ಮಗಳು ಒಂದೇ ಒಂದು ಪತ್ರ ಬರೆಯಲಿ, ಒಂದು ಪುಟ ಸಾಕು. ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನು ಮಾಡಿದಳು, ಮಾರ್ಕ್ಸ್ ಹೇಗಿದೆ, ಆ ಕಾಲೇಜೇ ಯಾಕೆ ಬೇಕು, ಅಷ್ಟು. ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅಂತ ಬರೆಯುವುದಿದ್ದರೆ ನಿಜವಾಗಿಯೂ ಹೋಗುವುದಿದ್ದರೆ ಮಾತ್ರ ಬರೆಯಲಿ. ಏನೂ ಕಳಿಸಬೇಡಿ ಅಂತ ಆ ಕಾಲೇಜು ಹೇಳಿದ್ದರೆ ಪತ್ರವೂ ಬೇಡ. ಅವಳ ಹೈಸ್ಕೂಲಿನ ಕೌನ್ಸೆಲರನ್ನು ಮಗಳೇ ಹೋಗಿ ಕಾಣಲಿ, ಹೇಳಬೇಕಾದ್ದನ್ನು ಅವರು ಹೇಳುತ್ತಾರೆ. ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಇಳಿಯಬಾರದು. ಸಿಕ್ಕಿದ ಸೀಟನ್ನೂ ಅದೇ ಕಾರಣಕ್ಕೆ ವಾಪಸ್ ತೆಗೆದುಕೊಂಡದ್ದಿದೆ.

ಖರ್ಚಿನ ಬಗ್ಗೆ ಚುಟುಕಾಗಿ. ನೀನೂ ಮಗಳೂ ಎಚ್-4ನಲ್ಲಿ, ಅಂದರೆ ನಿನ್ನ ಗಂಡನ ಕೆಲಸದ ವೀಸಾಕ್ಕೆ ಹೊಂದಿಕೊಂಡ ಕುಟುಂಬದ ವೀಸಾದಲ್ಲಿ ಇರುವುದರಿಂದ ಸರ್ಕಾರದ ಸಹಾಯ ಮಗಳಿಗೆ ಇಲ್ಲ. ಕಾಲೇಜಿನದೇ ಸ್ಕಾಲರ್‌ಶಿಪ್ ಇದ್ದರೂ ತಡವಾಗಿ ಬಂದವರಿಗೆ ಉಳಿಯುವುದು ಕಡಿಮೆ, ಹಾಸ್ಟೆಲ್ ರೂಮೂ ಹಾಗೇ. ಕರೆ ಬಂದರೆ ಒಪ್ಪುವ ಮೊದಲು ಒಟ್ಟು ಎಷ್ಟಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಶಿರಸಿಯ ತೋಟದ ಮೇಲೆ ಸಾಲ ಎತ್ತುವ ಮಾತು ನಿನ್ನ ಪತ್ರದಲ್ಲಿತ್ತು. ಈ ಹೊತ್ತಿನಲ್ಲಿ ಅಂಥ ಮಾತು ಆಡಬೇಡ ತಂಗೀ. ಅವಳ ಕಿವಿಗೆ ಬಿದ್ದರೆ ನಾಲ್ಕು ವರ್ಷ ಅದನ್ನೇ ಹೊತ್ತುಕೊಂಡು ಓದುತ್ತಾಳೆ.

ನಾನು ಇಷ್ಟು ಉದ್ದ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನಮ್ಮ ಮಗಳ ವರ್ಷವೂ ಹೀಗೇ ಆಗಿತ್ತು. ಏಪ್ರಿಲ್‌ನಲ್ಲಿ ರಾಜ್ಯದ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಸಿಕ್ಕಿತು, ದುಡ್ಡೂ ಕಟ್ಟಿ ಆಯಿತು. ದೊಡ್ಡ ಹೆಸರಿನ ಕಾಲೇಜೊಂದರ ವೇಟ್‌ಲಿಸ್ಟಿನಲ್ಲೂ ಇದ್ದಳು. ಭಾನುವಾರ ಬೆಳಿಗ್ಗೆ ಅಂಕೋಲೆಗೆ ಫೋನು ಮಾಡುವುದು ನಮ್ಮ ಪದ್ಧತಿ. ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಸ್ಪೀಕರ್ ಹಾಕುತ್ತಿದ್ದೆವು. ಅತ್ತೆ ಕೇಳುವ ಮೊದಲ ಮಾತು, “ಸೀಟು ಆಯ್ತಾ?” ಇವರು ಹೇಳುವುದು, “ಇನ್ನೂ ಆಗ್ಲಿಲ್ಲ ಆಯಿ, ನೋಡ್ತಾ ಇದ್ದೇವೆ.” ಮಗಳು ಅಲ್ಲೇ ಪಾತ್ರೆ ಒರೆಸುತ್ತಾ ಇರುತ್ತಿದ್ದಳು. ಒಂದು ಭಾನುವಾರ ಫೋನಿಟ್ಟ ಮೇಲೆ ಕೇಳಿದಳು, “ಅಮ್ಮಾ, ನನಗೆ ಸೀಟು ಸಿಕ್ಕಿದೆ ಅಲ್ವಾ? ಅಜ್ಜಿಗೆ ಯಾಕೆ ಹೇಳ್ತಾ ಇಲ್ಲ?”

ದೊಡ್ಡದು ಸಿಕ್ಕಿದರೆ ಒಟ್ಟಿಗೇ ಹೇಳೋಣ ಅಂತ ನಾವಿದ್ದೆವು. ಜೂನ್ ಕೊನೆಗೆ ಪಟ್ಟಿ ಮುಚ್ಚಿದ್ದೇವೆ ಅಂತ ಮೇಲ್ ಬಂತು. ಆಮೇಲೆ ಅತ್ತೆಗೆ ಹೇಳಿದೆವು. ಅವರು ಪಾಪ, ನಮ್ಮ ದನಿ ಕೇಳಿಯೇ, “ಇರ್ಲಿ ಬಿಡು ಮಗಾ, ಸಿಕ್ಕಿದ್ರಲ್ಲೇ ಚಲೋ ಓದು” ಅಂದರು. ಏಪ್ರಿಲ್‌ನಲ್ಲಿ ಹೇಳಿದ್ದರೆ ಇದೇ ಸೀಟಿಗೆ ಇಡೀ ಕೇರಿಗೆ ಸಕ್ಕರೆ ಹಂಚುತ್ತಿದ್ದರು. ಹೊಗಳಿಕೆ ಬರಬೇಕಾದ ಜಾಗಕ್ಕೆ ಸಮಾಧಾನದ ಮಾತು ಬಂತು. ಆಗಸ್ಟಿನಲ್ಲಿ ಅವಳ ಸಾಮಾನು ಕಟ್ಟುವಾಗ ಕಪಾಟಿನ ತಳದಲ್ಲಿ ಆ ಯೂನಿವರ್ಸಿಟಿಯ ಹೆಸರಿದ್ದ ಸ್ವೆಟ್‌ಶರ್ಟ್ ಇತ್ತು. ಏಪ್ರಿಲ್‌ನಲ್ಲಿ ಕ್ಯಾಂಪಸ್ ನೋಡಲು ಹೋದಾಗ ತನ್ನದೇ ದುಡ್ಡಿನಲ್ಲಿ ಕೊಂಡದ್ದಂತೆ. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಈಗ ಅವಳು ಸೇತುವೆಗಳ ಕೆಲಸ ಮಾಡುತ್ತಾಳೆ, ಒಳ್ಳೆಯ ಹೆಸರು ತೆಗೆದಿದ್ದಾಳೆ. ಅವಳಿಗೆ ಇದೆಲ್ಲ ನೆನಪಿದೆಯೋ ಇಲ್ಲವೋ, ನನಗೆ ಆ ಅಂಗಿ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಕ್ಕೇ ಹೇಳುತ್ತಿದ್ದೇನೆ. ಡಿಪಾಸಿಟ್ ಕಟ್ಟಿದ ದಿನವೇ ಶಿರಸಿಗೆ ಫೋನು ಮಾಡಿ ಸೀಟಾಯಿತು ಅಂತ ಹೇಳಿ. ಮಗಳೇ ಹೇಳಲಿ. ಕಾಲೇಜಿನ ಹೆಸರು ಬಿಡಿಸಿ ಹೇಳಲಿ, ನಿನ್ನ ಮಾವ ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಹೋದಾಗ ಹತ್ತು ಜನ ಕೇಳುತ್ತಾರಲ್ಲ. ಊರಿಂದ ಬಂದ ತೊಡದೇವು ಡಬ್ಬಿಯಲ್ಲಿ ಉಳಿದಿದ್ದರೆ ಅವತ್ತೇ ತೆಗೆ. ಇಡಗುಂಜಿಗೆ ಪಂಚಕಜ್ಜಾಯದ ಹರಕೆ ಹೊತ್ತಿದ್ದೇನೆ ಅಂತ ಬರೆದಿದ್ದೀಯ. ಅದನ್ನು ಈ ಸೀಟಿಗೇ ತೀರಿಸು. ವೇಟ್‌ಲಿಸ್ಟಿನ ಮಾತು ಊರಿಗೆ ಸದ್ಯ ಬೇಡ. ಕರೆ ಬಂದರೆ ಆಗ ಹೇಳಿದರಾಯಿತು.

ಜೂನ್‌ನಲ್ಲಿ ಊರಿಗೆ ಹೋಗಿ. ಹೋಗುವುದನ್ನು ನಿಲ್ಲಿಸಬೇಡಿ. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟ್ಯಾಂಪಿಂಗ್ ಬಾಕಿ ಇದ್ದರೆ ಮಾತ್ರ ನಿನ್ನ ಗಂಡನ ಕಂಪನಿಯ ವಕೀಲರನ್ನು ಕೇಳಿಯೇ ಟಿಕೆಟ್ ಮಾಡಿಸಿ. ಕರೆ ಬಂದರೆ ಉತ್ತರಕ್ಕೆ ಕೆಲವೇ ದಿನ ಕೊಡುತ್ತಾರೆ. ಹಾಗಾಗಿ ಪೋರ್ಟಲ್ಲಿನ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಲಿ, ದಿನಕ್ಕೊಂದು ಸಲ ಮೇಲ್ ನೋಡಲಿ. ಮಳೆ ಹಿಡಿದು ಹಳ್ಳಿಯಲ್ಲಿ ಕರೆಂಟೂ ನೆಟ್ಟೂ ಹೋದರೆ ಯಾರಾದರೂ ಬೈಕಿನಲ್ಲಿ ಶಿರಸಿ ಪೇಟೆಗೆ ಕರೆದುಕೊಂಡು ಹೋಗಿ ನೋಡಿಸಿಕೊಂಡು ಬರಲಿ. ಒಪ್ಪುವುದೋ ಬಿಡುವುದೋ ಅಂತ ನೀವು ಮೂವರೂ ಈಗಲೇ ಮಾತಾಡಿ ಇಟ್ಟುಕೊಂಡಿದ್ದರೆ ಆವತ್ತು ಅಷ್ಟು ಗಡಿಬಿಡಿ ಆಗುವುದಿಲ್ಲ.